ಪಾರ್ಕಿನ್ಸನ್‌ನಲ್ಲಿ ಕುಗ್ಗಿದ ದನಿ: ಯಾರಿಗೆ ಯಾವ ದಾರಿ?

ಪಾರ್ಕಿನ್ಸನ್ ಇರುವ ಮನೆಗಳಲ್ಲಿ ಈ ಜಗಳ ಇದ್ದದ್ದೇ. "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದು ಹೆಂಡತಿ. "ನಾನು ಸರಿಯಾಗೇ ಮಾತಾಡ್ತಿದೀನಿ, ನಿನಗೇ ಕಿವಿ ಮಂದ ಆಗಿದೆ" ಎಂದು ಗಂಡ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದನಿ ಕುಗ್ಗಿರುವುದು ನಿಜ, ಕುಗ್ಗಿದ್ದು ಮಾತಾಡುವವರಿಗೆ ತಿಳಿಯದೇ ಇರುವುದೂ ನಿಜ.

ಈ ಕಾಯಿಲೆಯಲ್ಲಿ ಹೆಜ್ಜೆ ಕಿರಿದಾಗುತ್ತದೆ, ಕೈಬರಹ ಸಣ್ಣಗಾಗುತ್ತದೆ, ದನಿಯೂ ಹಾಗೆಯೇ. ಎದೆಗೂಡು ಬಿಗಿಯಾಗಿ ಉಸಿರು ಸಾಲದಾಗುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಪೂರ್ತಿ ತಾಗುವುದಿಲ್ಲ, ನಾಲಿಗೆ ತುಟಿಗಳ ಓಡಾಟ ಮೊಟಕಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಮೆದುಳಿನ ಅಳತೆಯದು. ಎಷ್ಟು ಬಲ ಹಾಕಿದರೆ ಎಷ್ಟು ಸದ್ದು ಬರುತ್ತದೆ ಎಂಬ ಲೆಕ್ಕ ತಪ್ಪಿರುತ್ತದೆ. ಪಿಸುಮಾತಿನಷ್ಟು ದನಿ ಅವರಿಗೆ ಮಾಮೂಲಿ ದನಿಯಾಗಿ ಕೇಳುತ್ತದೆ. ಮಾಮೂಲಿ ದನಿಯಲ್ಲಿ ಮಾತಾಡಿಸಿದರೆ "ಅಯ್ಯೋ, ಕಿರುಚುತ್ತಿದ್ದೇನೆ" ಅನ್ನಿಸುತ್ತದೆ. ಪಾರ್ಕಿನ್ಸನ್ ಇರುವ ನೂರರಲ್ಲಿ ತೊಂಬತ್ತರ ಹತ್ತಿರ ಜನರಿಗೆ ಒಂದಲ್ಲ ಒಂದು ಹಂತದಲ್ಲಿ ದನಿ ಅಥವಾ ಮಾತಿನ ತೊಂದರೆ ಬರುತ್ತದೆ ಎನ್ನುತ್ತಾರೆ. ಕೈಕಾಲಿನ ಬಿಗಿತವನ್ನು ಚೆನ್ನಾಗಿ ಸಡಿಲಿಸುವ ಲೆವೊಡೋಪಾ ಮಾತ್ರೆ ದನಿಯ ವಿಷಯದಲ್ಲಿ ಅಷ್ಟು ನಂಬಿಕೆಯ ಗೆಳೆಯನಲ್ಲ. ಮಾತ್ರೆ ಸರಿಹೋದ ಮೇಲೂ ದನಿ ಏಳದಿದ್ದರೆ ಡೋಸ್ ಹೆಚ್ಚಿಸಿ ಎಂದು ನ್ಯೂರಾಲಜಿಸ್ಟ್‌ರನ್ನು ಒತ್ತಾಯಿಸಿ ಪ್ರಯೋಜನವಿಲ್ಲ. ಬೇರೆ ದಾರಿ ನೋಡಬೇಕು.

ದಾರಿಗಳು ಹಲವು ಇವೆ: ತೀವ್ರ ಧ್ವನಿ ತರಬೇತಿ, ಸಾಮಾನ್ಯ ಸ್ಪೀಚ್ ಥೆರಪಿ, ಉಸಿರಿನ ಸ್ನಾಯುಗಳ ವ್ಯಾಯಾಮ, ಹಾಡು, ದನಿ ಹೆಚ್ಚಿಸುವ ಯಂತ್ರಗಳು, ಗಂಟಲಿಗೆ ಇಂಜೆಕ್ಷನ್. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ, ನಮ್ಮವರ ದನಿಯಲ್ಲಿ ಕೆಟ್ಟಿರುವುದು ಯಾವುದು ಎಂದು ಮೊದಲು ನೋಡಿಕೊಂಡರೆ ಅರ್ಧ ಆಯ್ಕೆ ತಾನಾಗಿಯೇ ಆಗುತ್ತದೆ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ

ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ಅವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಬಾಯಿಂದ ಒಂದು ಅಡಿ ದೂರದಲ್ಲಿ ಮೊಬೈಲ್ ಇಟ್ಟು ಸದ್ದು ಅಳೆಯುವ ಯಾವುದಾದರೂ ಆ್ಯಪ್ ತೆರೆಯಿರಿ. ಒಂದರಿಂದ ಹತ್ತರವರೆಗೆ ಮಾಮೂಲಿಯಾಗಿ ಎಣಿಸಲಿ. ಆಮೇಲೆ, ಗೇಟಿನ ಹತ್ತಿರ ನಿಂತ ಹಾಲಿನವನನ್ನು ಒಳಗಿನಿಂದ ಕೂಗಿ ನಿಲ್ಲಿಸುವ ಹಾಗೆ ಇನ್ನೊಮ್ಮೆ ಎಣಿಸಲಿ. ಆ್ಯಪ್ ತೋರಿಸುವ ಡೆಸಿಬಲ್ ಅಂಕಿಯನ್ನು ಪೂರ್ತಿ ನಂಬಬೇಕಿಲ್ಲ, ಒಂದೊಂದು ಫೋನು ಒಂದೊಂದು ಹೇಳುತ್ತದೆ. ಎರಡು ಸಲದ ನಡುವಿನ ವ್ಯತ್ಯಾಸ ಮುಖ್ಯ.

ಎರಡನೇ ಸಲ ದನಿ ಸ್ಪಷ್ಟವಾಗಿ ಏರಿದರೆ ಅದು ಒಳ್ಳೆಯ ಸುದ್ದಿ. ದನಿ ಹೊರಡಿಸುವ ಅಂಗಗಳು ಕೆಟ್ಟಿಲ್ಲ, ಅಳತೆಯಷ್ಟೇ ತಪ್ಪಿದೆ. ಧ್ವನಿ ತರಬೇತಿಯಿಂದ ಅತಿ ಹೆಚ್ಚು ಲಾಭ ಸಿಗುವುದು ಇಂಥವರಿಗೆ. ಎಷ್ಟೇ ಪ್ರಯತ್ನಿಸಿದರೂ ಗಾಳಿಯಂತೆ ಪುಸ್ಸೆನ್ನುತ್ತಿದ್ದರೆ ಅಥವಾ ಒರಟಾಗಿದ್ದರೆ ಮೊದಲು ಇಎನ್‌ಟಿ ವೈದ್ಯರ ಬಳಿ ಹೋಗಿ. ದನಿ ಏರುತ್ತದೆ, ಆದರೆ ಮಾತು ಮುಗ್ಗರಿಸುತ್ತಾ ಓಡುತ್ತದೆ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ ಎಂದಾದರೆ ಗಟ್ಟಿತನದ ಜೊತೆ ವೇಗಕ್ಕೂ ಕಡಿವಾಣ ಬೇಕು. ಒಂದು ಸಲ ಏರಿಸಿ ಎರಡು ನಿಮಿಷದಲ್ಲಿ ಹೇಳಿದ್ದೇ ಮರೆತುಹೋಗುವಷ್ಟು ನೆನಪು ಕುಂದಿದ್ದರೆ, ಕಲಿತು ರೂಢಿಸಿಕೊಳ್ಳುವ ದಾರಿಗಿಂತ ಯಂತ್ರದ ದಾರಿಯೇ ಮೇಲು.

ಇದೇ ಹೊತ್ತಿನಲ್ಲಿ ಒಂದು ವಾಕ್ಯದ ಕೊನೆಯನ್ನೂ ಗಮನಿಸಿ. ಪಾರ್ಕಿನ್ಸನ್‌ನಲ್ಲಿ ಉಸಿರು ಸಾಲದೆ ದನಿ ವಾಕ್ಯದ ಕೊನೆಗೆ ಹೋಗುತ್ತಾ ಸಾಯುತ್ತದೆ. ಕನ್ನಡದಲ್ಲಿ ಇದರ ಪೆಟ್ಟು ಹೆಚ್ಚು, ಏಕೆಂದರೆ ನಮ್ಮ ಹೌದು, ಅಲ್ಲ ಎರಡೂ ಕೂತಿರುವುದು ವಾಕ್ಯದ ಬಾಲದಲ್ಲಿ. "ಮಧ್ಯಾಹ್ನದ ಮಾತ್ರೆ ತಗೊಂಡೆ", "ಮಧ್ಯಾಹ್ನದ ಮಾತ್ರೆ ತಗೊಂಡಿಲ್ಲ" ಇವೆರಡರಲ್ಲಿ ಕೊನೆಯ ತುಣುಕು ಕೇಳದಿದ್ದರೆ ಡಬಲ್ ಡೋಸ್ ಆಗಿಬಿಡಬಹುದು. ಥೆರಪಿಸ್ಟ್ ಯಾರೇ ಆಗಲಿ, ಇದನ್ನು ಅವರಿಗೆ ಹೇಳಿ. ಉದ್ದದ ವಾಕ್ಯವನ್ನು ಎರಡು ಉಸಿರಿಗೆ ಒಡೆದು, ಕೊನೆಯ ಪದಕ್ಕೆ ಬಲ ಉಳಿಸಿಕೊಳ್ಳುವ ಅಭ್ಯಾಸ ಬೇಕೆಂದು ಕೇಳಿ.

ಎಲ್‌ಎಸ್‌ವಿಟಿ ಲೌಡ್: ಮೊದಲ ಆಯ್ಕೆ, ಆದರೆ ಪುರಸೊತ್ತಿಲ್ಲದವರಿಗಲ್ಲ

ಅತಿ ಹೆಚ್ಚು ಸಂಶೋಧನೆ ಬೆನ್ನಿಗಿರುವುದು ಇದಕ್ಕೇ. ಅಮೆರಿಕದ ಅರಿಜೋನಾದಲ್ಲಿ ಲೀ ಸಿಲ್ವರ್‌ಮನ್ ಎಂಬ ಮಹಿಳೆಗೆ ಪಾರ್ಕಿನ್ಸನ್ ಇತ್ತು. ಆಕೆಯ ಮಾತು ಮನೆಯವರಿಗೆ ಕೇಳುತ್ತಿರಲಿಲ್ಲ. ಆಕೆಯ ಹೆಸರಿನಲ್ಲೇ 1987ರಲ್ಲಿ ವಾಕ್ ತಜ್ಞೆ ಲೊರೇನ್ ರೇಮಿಗ್ ಮತ್ತು ಸಂಗಡಿಗರು ಈ ಪದ್ಧತಿಯನ್ನು ಶುರುಮಾಡಿದರು; ಲೀ ಸಿಲ್ವರ್‌ಮನ್ ವಾಯ್ಸ್ ಟ್ರೀಟ್‌ಮೆಂಟ್ ಎಂಬುದರ ಚಿಕ್ಕ ರೂಪವೇ ಎಲ್‌ಎಸ್‌ವಿಟಿ. ತತ್ವ ಒಂದೇ ಸಾಲಿನದು: ಗಟ್ಟಿಯಾಗಿ ಮಾತಾಡಿ. ಉಸಿರು ಹೀಗೆ ಎಳೆಯಿರಿ, ನಾಲಿಗೆ ಅಲ್ಲಿಡಿ, ತುಟಿ ಹೀಗೆ ತೆರೆಯಿರಿ ಎಂಬ ಹತ್ತು ಸೂಚನೆಗಳಿಲ್ಲ. ಗಟ್ಟಿಯಾಗಿ ಎಂದೊಡನೆ ಉಸಿರು ತಾನೇ ಹೆಚ್ಚುತ್ತದೆ, ಬಾಯಿ ತಾನೇ ತೆರೆಯುತ್ತದೆ, ಉಚ್ಚಾರ ತಾನೇ ತಿಳಿಯಾಗುತ್ತದೆ.

ಇದರ ಕಟ್ಟುಪಾಡು ಬಿಗಿ. ವಾರಕ್ಕೆ 4 ದಿನ, 4 ವಾರ, ಒಟ್ಟು 16 ಸಿಟ್ಟಿಂಗ್, ಒಂದೊಂದೂ ಒಂದು ಗಂಟೆ. ಮೊದಲರ್ಧದಲ್ಲಿ ದಿನವೂ ಅದದೇ ಕಸರತ್ತು: ಉಸಿರು ಇರುವಷ್ಟು ಹೊತ್ತು ಗಟ್ಟಿಯಾಗಿ "ಆ..." ಎನ್ನುವುದು, ಅದೇ "ಆ" ವನ್ನು ಮೇಲಿನ ಸ್ವರಕ್ಕೆ ಏರಿಸುವುದು, ಕೆಳಗಿನ ಸ್ವರಕ್ಕೆ ಇಳಿಸುವುದು, ಆಮೇಲೆ ಅವರೇ ಆರಿಸಿಕೊಂಡ ದಿನಬಳಕೆಯ ಹತ್ತು ವಾಕ್ಯಗಳು. ಎರಡನೇ ಅರ್ಧದಲ್ಲಿ ಮೊದಲ ವಾರ ಪದ, ಪದಗುಚ್ಛ. ಎರಡನೇ ವಾರ ವಾಕ್ಯ. ಮೂರನೇ ವಾರ ಓದು. ನಾಲ್ಕನೇ ವಾರ ಸಂಭಾಷಣೆ. ಥೆರಪಿ ಇರಲಿ ಬಿಡಲಿ, ಮನೆಪಾಠ ದಿನವೂ ಇದ್ದೇ ಇರುತ್ತದೆ.

ಆ ಹತ್ತು ವಾಕ್ಯಗಳನ್ನು ಹಗುರವಾಗಿ ನೋಡಬೇಡಿ. ಥೆರಪಿಸ್ಟ್ ಮುದ್ರಿಸಿಟ್ಟ "ನಮಸ್ಕಾರ, ಹೇಗಿದ್ದೀರಿ" ಪಟ್ಟಿಯನ್ನೇ ಒಪ್ಪಿಕೊಂಡರೆ ನಷ್ಟ ನಿಮ್ಮದೇ. ಅವರು ದಿನಕ್ಕೆ ನಿಜವಾಗಿ ಹೇಳುವ ಮಾತು ಬೇಕು: "ಕಾಫಿಗೆ ಸಕ್ಕರೆ ಬೇಡ", "ಪೇಪರ್ ಬಂತಾ?", "ಫ್ಯಾನ್ ಸ್ವಲ್ಪ ಕಮ್ಮಿ ಮಾಡಮ್ಮ", "ಒಂದು ನಿಮಿಷ ತಡಿ, ಎದ್ದೇಳ್ತೀನಿ". ನನ್ನ ದೊಡ್ಡಪ್ಪನ ಪಟ್ಟಿಯಲ್ಲಿ "ಸ್ಕೋರ್ ಎಷ್ಟು?" ಇತ್ತು, ಉಳಿದ ಒಂಬತ್ತಕ್ಕಿಂತ ಅದೇ ಮೊದಲು ಗಟ್ಟಿಯಾಯಿತು.

ಲಾಭ ಎಷ್ಟು ಕಾಲ ಉಳಿಯುತ್ತದೆ? 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬರೀ ಉಸಿರಿನ ಬಲ ಹೆಚ್ಚಿಸುವ ತರಬೇತಿಯೊಂದಿಗೆ ಇದನ್ನು ಹೋಲಿಸಿ ಎರಡು ವರ್ಷ ಹಿಂಬಾಲಿಸಿದ್ದರು. ದನಿ ತರಬೇತಿ ಪಡೆದವರ ಲಾಭ ಎರಡು ವರ್ಷದ ಕೊನೆಗೂ ಉಳಿದಿತ್ತು. 2018ರಲ್ಲಿ ಬಂದ ಇನ್ನೊಂದರಲ್ಲಿ ಅಷ್ಟೇ ತೀವ್ರತೆಯ ಉಚ್ಚಾರಣೆಯ ತರಬೇತಿಯನ್ನು ಎದುರಿಗಿಟ್ಟರು. ಅಲ್ಲೂ ಗಟ್ಟಿ ದನಿಯ ಗುರಿಯೇ ಗೆದ್ದಿತು. "ಬಿಡಿಸಿ ಬಿಡಿಸಿ ಹೇಳಿ" ಎಂದು ಮನೆಯವರು ಗೋಗರೆಯುವುದಕ್ಕಿಂತ "ಗಟ್ಟಿಯಾಗಿ ಹೇಳಿ" ಎನ್ನುವುದು ಕೆಲಸಕ್ಕೆ ಬರುತ್ತದೆ ಎಂದು ಇದನ್ನು ಓದಿಕೊಳ್ಳಬಹುದು.

ತೀರಾ ಈಚಿನ, ದೊಡ್ಡ ಪರೀಕ್ಷೆ ಬ್ರಿಟನ್ನಿನದು. ಪಿಡಿ ಕಾಮ್ ಎಂಬ ಈ ಪ್ರಯೋಗದ ಫಲಿತಾಂಶ 2024ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 388 ಜನರನ್ನು ಮೂರು ಗುಂಪು ಮಾಡಿದರು: ಎಲ್‌ಎಸ್‌ವಿಟಿ ಲೌಡ್, ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಎಂದಿನ ಸ್ಪೀಚ್ ಥೆರಪಿ, ಸದ್ಯಕ್ಕೆ ಏನೂ ಇಲ್ಲ. ದನಿಯಿಂದ ಬದುಕಿಗಾಗುವ ಅಡಚಣೆಯನ್ನು 0ಯಿಂದ 120ರವರೆಗೆ ಅಳೆಯುವ ಪ್ರಶ್ನಾವಳಿಯಲ್ಲಿ ಮೂರು ತಿಂಗಳ ನಂತರ ಎಲ್‌ಎಸ್‌ವಿಟಿ ಗುಂಪು ಏನೂ ಪಡೆಯದವರಿಗಿಂತ ಸುಮಾರು 8 ಅಂಕ ಉತ್ತಮವಿತ್ತು. ಎಂದಿನ ಥೆರಪಿ ಪಡೆದವರಿಗೂ ಏನೂ ಪಡೆಯದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎಂದಿನ ಥೆರಪಿಯಲ್ಲಿ ಎಷ್ಟು ಸಲ, ಏನು ಮಾಡಿಸಬೇಕು ಎಂಬುದು ಆಯಾ ಥೆರಪಿಸ್ಟ್‌ಗೆ ಬಿಟ್ಟ ವಿಷಯವಾಗಿತ್ತು ಎಂಬುದನ್ನು ನೆನಪಿಡಬೇಕು. ವಾರಕ್ಕೊಮ್ಮೆ ಹೋಗಿ ಅರ್ಧ ಗಂಟೆ ಕೂತು ಬಂದರೆ ಅಳತೆ ತಪ್ಪಿದ ಮೆದುಳು ತಿದ್ದಿಕೊಳ್ಳುವುದಿಲ್ಲ ಎಂದೇ ನನ್ನ ತೀರ್ಮಾನ.

ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತು. ಗಂಟಲು ಒಡೆಯುವಂಥ ಸಣ್ಣ ತೊಂದರೆಗಳು ಎಲ್‌ಎಸ್‌ವಿಟಿ ಗುಂಪಿನಲ್ಲಿ ಹೆಚ್ಚಿದ್ದವು. ಗಟ್ಟಿಯಾಗಿ ಎಂದರೆ ಕತ್ತಿನ ನರ ಉಬ್ಬಿಸಿ ಅರಚುವುದಲ್ಲ. ಇದನ್ನು ತಿದ್ದಲು ಎದುರಿಗೆ ಕೂತ ತರಬೇತಿ ಪಡೆದವರು ಬೇಕು, ಯೂಟ್ಯೂಬ್ ಸಾಲದು.

ಹಾಗಾದರೆ ಯಾರಿಗೆ ಬೇಡ? ಗಂಟೆಗಟ್ಟಲೆ ಕೂರುವ ಶಕ್ತಿ ಇಲ್ಲದವರಿಗೆ, ನೆನಪು ತುಂಬ ಕುಂದಿದವರಿಗೆ, ವಾರಕ್ಕೆ ನಾಲ್ಕು ದಿನ ಕರೆದೊಯ್ಯುವವರು ಇಲ್ಲದ ಮನೆಗೆ. ಕೊನೆಯದಕ್ಕೆ ಎರಡು ಪರಿಹಾರಗಳಿವೆ. ಅದೇ 16 ಸಿಟ್ಟಿಂಗನ್ನು ವಾರಕ್ಕೆ ಎರಡರಂತೆ 8 ವಾರಕ್ಕೆ ಹಂಚಿದ ಚಿಕ್ಕ ಪ್ರಯೋಗದಲ್ಲೂ ದನಿ ಏರಿತ್ತು. ವಿಡಿಯೋ ಕರೆಯ ಮೂಲಕ ಕೊಟ್ಟರೂ ಎದುರಿಗೆ ಕೂತು ಕೊಟ್ಟದ್ದಕ್ಕಿಂತ ಕಡಿಮೆಯೇನಲ್ಲ ಎಂದು ಆಸ್ಟ್ರೇಲಿಯಾದಲ್ಲಿ 34 ಜನರ ಮೇಲೆ ನಡೆದ ಅಧ್ಯಯನ 2011ರಲ್ಲೇ ಹೇಳಿದೆ. ತೀರ್ಥಹಳ್ಳಿಯಿಂದಲೋ ಸಿಂಧನೂರಿನಿಂದಲೋ ಬೆಂಗಳೂರಿಗೆ ಹದಿನಾರು ಸಲ ಓಡಾಡಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಒಂದು ಎಚ್ಚರಿಕೆ: ವಿಡಿಯೋ ಕರೆಯ ಸಾಫ್ಟ್‌ವೇರ್ ದನಿಯನ್ನು ತಾನೇ ಏರಿಸಿ ಇಳಿಸಿ ಸಮ ಮಾಡುತ್ತದೆ. ಹಾಗಾಗಿ ಸದ್ದಿನ ಅಳತೆ ರೋಗಿಯ ಕಡೆಯ ಮೀಟರಿನಲ್ಲಿ ಆಗಬೇಕು, ಥೆರಪಿಸ್ಟ್‌ರ ಕಿವಿಯಲ್ಲಲ್ಲ.

ಸ್ಪೀಕ್ ಔಟ್: ಅದೇ ಊರಿಗೆ ಇನ್ನೊಂದು ರಸ್ತೆ

ಟೆಕ್ಸಸ್‌ನ ರಿಚರ್ಡ್‌ಸನ್‌ನಲ್ಲಿರುವ ಪಾರ್ಕಿನ್ಸನ್ ವಾಯ್ಸ್ ಪ್ರಾಜೆಕ್ಟ್ ಎಂಬ ಸೇವಾ ಸಂಸ್ಥೆಯ ಪದ್ಧತಿ ಇದು. ಇಲ್ಲಿನ ಮಂತ್ರ ಗಟ್ಟಿಯಾಗಿ ಎಂಬುದಲ್ಲ, ಉದ್ದೇಶಪಟ್ಟು ಮಾತಾಡಿ ಎಂಬುದು. ನಡಿಗೆ, ನುಂಗುವಿಕೆ, ಮಾತು ಇವೆಲ್ಲ ತಾನಾಗಿಯೇ ಆಗುವ ಕೆಲಸಗಳು. ಪಾರ್ಕಿನ್ಸನ್ ಕೆಡಿಸುವುದು ಆ ತಾನಾಗಿ ಆಗುವ ದಾರಿಯನ್ನೇ. ಮನಸ್ಸಿಟ್ಟು ಮಾಡುವ ದಾರಿ ಇನ್ನೂ ತೆರೆದಿರುತ್ತದೆ, ಅದನ್ನು ಬಳಸಿ ಎನ್ನುತ್ತಾರೆ. ಸಿಟ್ಟಿಂಗ್‌ಗಳು ಎಲ್‌ಎಸ್‌ವಿಟಿಗಿಂತ ಕಡಿಮೆ. ಅದು ಮುಗಿದ ಮೇಲೆ ವಾರಕ್ಕೊಮ್ಮೆ ಗುಂಪಾಗಿ ಸೇರಿ ಅಭ್ಯಾಸ ಮಾಡುವ ವ್ಯವಸ್ಥೆ ಮೊದಲಿನಿಂದಲೇ ಇದರ ಭಾಗ. ಸಂಶೋಧನೆಯ ಬಲ ಎಲ್‌ಎಸ್‌ವಿಟಿಯಷ್ಟಿಲ್ಲ, ಇರುವುದೆಲ್ಲ ಚಿಕ್ಕ ಅಧ್ಯಯನಗಳು. ಆದರೆ ಕಲಿತದ್ದನ್ನು ಬಿಡದಂತೆ ಹಿಡಿದಿಡುವ ಏರ್ಪಾಡಿನಲ್ಲಿ ಇದೇ ಮುಂದು ಎಂದು ನನಗೆ ಅನ್ನಿಸುತ್ತದೆ. ಎಲ್‌ಎಸ್‌ವಿಟಿ ಮುಗಿಸಿದ ಎಷ್ಟೋ ಜನ ಮೂರನೇ ತಿಂಗಳಿಗೆ ಮನೆಪಾಠ ಬಿಟ್ಟುಬಿಡುತ್ತಾರೆ.

ಎರಡರ ನಡುವೆ ಆರಿಸುವಾಗ ಸ್ವಭಾವ ನೋಡಿ. ನಮ್ಮಲ್ಲಿ ಎಷ್ಟೋ ಹೆಂಗಸರು "ಹೆಣ್ಣುಮಕ್ಕಳು ಅಷ್ಟು ಜೋರಾಗಿ ಮಾತಾಡಬಾರದು" ಎಂದು ಕೇಳಿಕೊಂಡೇ ಎಪ್ಪತ್ತು ವರ್ಷ ಕಳೆದವರು. ಅವರನ್ನು ಕೂರಿಸಿ ಜೋರು ಜೋರು ಎಂದರೆ ಮುದುಡಿಕೊಳ್ಳುತ್ತಾರೆ. ಅದೇ "ಅಮ್ಮಾ, ಮೊಮ್ಮಗನಿಗೆ ಕತೆ ಹೇಳುವಾಗ ಹೇಳ್ತಿದ್ರಲ್ಲ, ಹಾಗೆ ಮನಸ್ಸಿಟ್ಟು ಹೇಳಿ" ಎಂದರೆ ದನಿ ಬರುತ್ತದೆ. ಮೇಷ್ಟ್ರಾಗಿದ್ದವರು, ಬಸ್ ಕಂಡಕ್ಟರ್ ಆಗಿದ್ದವರು, ಪೊಲೀಸ್ ಇಲಾಖೆಯಲ್ಲಿದ್ದವರು ಗಟ್ಟಿ ದನಿಯ ಆಜ್ಞೆಗೆ ಕೂಡಲೇ ಸ್ಪಂದಿಸುತ್ತಾರೆ, ಅವರ ಮೈಗೆ ಅದು ಗೊತ್ತು.

ಎರಡಕ್ಕೂ ಪ್ರಮಾಣಪತ್ರ ಪಡೆದ ಥೆರಪಿಸ್ಟ್‌ಗಳೇ ಬೇಕು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ? ಪ್ರಮಾಣಪತ್ರ ಇಲ್ಲದ ಆದರೆ ಆಸಕ್ತಿಯಿರುವ ಸ್ಪೀಚ್ ಥೆರಪಿಸ್ಟ್ ಸಿಕ್ಕರೆ, ವಾರಕ್ಕೆ ಕಡೇಪಕ್ಷ ಮೂರು ನಾಲ್ಕು ಸಲ, ಒಂದೇ ಗುರಿ, ದಿನವೂ ಮನೆಪಾಠ ಎಂಬ ಈ ಮೂರನ್ನು ಕೇಳಿ ಪಡೆದುಕೊಳ್ಳಿ. ಹೆಸರಿಗಿಂತ ತೀವ್ರತೆ ದೊಡ್ಡದು.

ಊದುವ ಉಪಕರಣ: ದನಿಗಿಂತ ಕೆಮ್ಮಿಗೆ

ಇಎಂಎಸ್‌ಟಿ ಎನ್ನುವುದು ಉಸಿರು ಹೊರಹಾಕುವ ಸ್ನಾಯುಗಳಿಗೆ ತೂಕ ಎತ್ತಿಸುವ ಚಿಕ್ಕ ಕೊಳವೆ. ಒಳಗಿನ ಸ್ಪ್ರಿಂಗ್ ಬಿಗಿ ಮಾಡಿದಷ್ಟೂ ಜೋರಾಗಿ ಊದಬೇಕು. ಸಾಮಾನ್ಯ ಕ್ರಮ: ಐದು ಊದು, ಐದು ಸಲ, ವಾರಕ್ಕೆ ಐದು ದಿನ. 2010ರಲ್ಲಿ 60 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ನುಂಗಿದ್ದು ಶ್ವಾಸನಾಳಕ್ಕೆ ಜಾರುವ ಅಪಾಯ ಇದರಿಂದ ಕಡಿಮೆಯಾಯಿತು. ಪಾರ್ಕಿನ್ಸನ್ ರೋಗಿಗಳ ಸಾವಿನ ಮುಖ್ಯ ಕಾರಣಗಳಲ್ಲಿ ನ್ಯುಮೋನಿಯಾ ಒಂದಾದ್ದರಿಂದ ಇದು ದೊಡ್ಡ ಲಾಭವೇ. ಆದರೆ ದನಿಯೊಂದನ್ನೇ ಗಟ್ಟಿಮಾಡಲು ಇದನ್ನು ಕೊಳ್ಳುವುದು ಸರಿಯಲ್ಲ. ಬಲ ಬಂದರೂ ಆ ಬಲವನ್ನು ಮಾತಿಗೆ ಹಾಕುವ ಲೆಕ್ಕ ಮೆದುಳಿನಲ್ಲಿ ತಪ್ಪಿಯೇ ಇರುತ್ತದೆ. ನೀರು ಕುಡಿಯುವಾಗ ಕೆಮ್ಮು, ಊಟದ ನಂತರ ಗೊರಗೊರ ದನಿ ಇರುವವರು ಧ್ವನಿ ತರಬೇತಿಯ ಜೊತೆ ಇದನ್ನೂ ಕೇಳಿ ನೋಡಬಹುದು. ಬಿಪಿ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಒಂದು ಗೊಂದಲ ಬಿಡಿಸಬೇಕು. ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಅನೇಕರ ಮನೆಯ ಕಪಾಟಿನಲ್ಲಿ ಬಿದ್ದಿರುತ್ತದೆ. ಅದು ಉಸಿರು ಒಳಗೆ ಎಳೆಯುವ ಸಾಧನ. ಇದಕ್ಕೆ ಬದಲಿಯಲ್ಲ.

ಹಾಡು, ಭಜನೆ, ಓಂಕಾರ

ಕರ್ನಾಟಕದಲ್ಲಿ ಅತಿ ಸುಲಭವಾಗಿ, ಬಿಟ್ಟಿಯಾಗಿ ಸಿಗುವ ದಾರಿ. ಆಸ್ಟ್ರೇಲಿಯಾದ ಪಾರ್ಕಿನ್‌ಸಾಂಗ್ ಎಂಬ ಕಾರ್ಯಕ್ರಮದಲ್ಲಿ ಗುಂಪು ಗಾಯನದ ಜೊತೆ ಧ್ವನಿ ವ್ಯಾಯಾಮ, ಮಾತುಕತೆ ಸೇರಿಸಿ ವಾರವಾರ ನಡೆಸಿದಾಗ ದನಿಯ ಗಟ್ಟಿತನ ಹೆಚ್ಚಿತು. ಅದರಲ್ಲಿ ಹಾಡು ಮಾತ್ರ ಇರಲಿಲ್ಲ ಎಂಬುದನ್ನು ಗಮನಿಸಿ. ಹಾಡುವಾಗ ಚೆನ್ನಾಗಿ ಬರುವ ದನಿ ಮಾತಾಡುವಾಗ ಮತ್ತೆ ಕುಸಿಯುವುದು ಸಾಮಾನ್ಯ. ದೇವರನಾಮವನ್ನು ಕೊನೆಯ ಚರಣದವರೆಗೆ ಗಟ್ಟಿಯಾಗಿ ಹಾಡಿ, ಮುಗಿಸಿದ ಕೂಡಲೇ "ಪ್ರಸಾದ ಕೊಡಿ" ಎಂದದ್ದು ಪಕ್ಕದವರಿಗೂ ಕೇಳದ ಎಷ್ಟೋ ಹಿರಿಯರನ್ನು ಕಂಡಿದ್ದೇನೆ.

ಹಾಗೆಂದು ಬಿಡಬೇಕಿಲ್ಲ. ಹಾಡು ಖುಷಿ ಕೊಡುತ್ತದೆ, ಮನೆಯಿಂದ ಹೊರಗೆ ತರುತ್ತದೆ, ಉಸಿರು ಉದ್ದವಾಗಿಸುತ್ತದೆ. ತರಬೇತಿ ಮುಗಿದ ಮೇಲೆ ಕಲಿತದ್ದನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ. ಸಾಲು ಹಾಡಿ, ಅದೇ ಸಾಲನ್ನು ಅಷ್ಟೇ ಗಟ್ಟಿಯಾಗಿ ಮಾತಿನಂತೆ ಹೇಳಿ, ಆಮೇಲೆ ತಮ್ಮ ಸ್ವಂತ ಮಾತೊಂದನ್ನು ಅದೇ ದನಿಯಲ್ಲಿ ಆಡಿದರೆ ಹಾಡಿನ ಬಲ ಮಾತಿಗೆ ದಾಟಲು ದಾರಿಯಾಗುತ್ತದೆ. ವಚನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಸಾಲು ಚಿಕ್ಕದು, ನಿಲುಗಡೆ ತಾನಾಗಿ ಬರುತ್ತದೆ, ಹಾಡಲೂ ಆಗುತ್ತದೆ, ಹೇಳಲೂ ಆಗುತ್ತದೆ.

ಮಗ್ಗಿ ಒಪ್ಪಿಸುವುದನ್ನು ಹಲವರು ಅಭ್ಯಾಸಕ್ಕೆ ಬಳಸುತ್ತಾರೆ. ಮಾತು ಓಡುವ ತೊಂದರೆ ಇರುವವರಿಗೆ ಇದು ಬೇಡ, ಮಗ್ಗಿ ಇನ್ನಷ್ಟು ಓಡಿಸುತ್ತದೆ. ಭ್ರಾಮರಿ, ಗುಂಯ್ಗುಡುವ ಪ್ರಾಣಾಯಾಮಗಳು ಗಂಟಲಿಗೆ ಹಿತವಾಗಿರಬಹುದು, ಆದರೆ ಬಾಯಿ ಮುಚ್ಚಿ ಮಾಡುವ ಮೆದು ಸದ್ದಿನಿಂದ ಬಾಯಿ ತೆರೆದ ಗಟ್ಟಿ ಮಾತು ಬರುವುದಿಲ್ಲ. ಉದ್ದದ "ಆ"ಕಾರ ಇವೆಲ್ಲಕ್ಕಿಂತ ಹತ್ತಿರದ ಅಭ್ಯಾಸ.

ಯಂತ್ರಗಳು

ಪಾಠ ಮಾಡುವವರು ಸೊಂಟಕ್ಕೆ ಕಟ್ಟಿಕೊಂಡು ಕಿವಿಯ ಪಕ್ಕದಿಂದ ಮೈಕ್ ಇಳಿಬಿಡುವ ಸಣ್ಣ ಸ್ಪೀಕರ್ ಇದೆಯಲ್ಲ, ಅದೇ ವಾಯ್ಸ್ ಆಂಪ್ಲಿಫೈಯರ್. ಆನ್‌ಲೈನಿನಲ್ಲಿ ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ದನಿ ಮೆದು, ಆದರೆ ಉಚ್ಚಾರ ಸ್ಪಷ್ಟ ಎಂದಿರುವವರಿಗೆ ಅಂದಿನಿಂದಲೇ ಉಪಯೋಗ. ತೊದಲು ಅಥವಾ ಓಟ ಇದ್ದರೆ ತೊದಲನ್ನೇ ದೊಡ್ಡದಾಗಿ ಕೇಳಿಸುತ್ತದೆ, ಅಷ್ಟೇ. ಮೈಕ್ ಬಾಯಿಯ ತೀರಾ ಹತ್ತಿರ ಇರಲಿ. ಕೈ ನಡುಗುವವರು ಒತ್ತಲು ಆಗುವಂಥ ದೊಡ್ಡ ಗುಂಡಿ ಇದೆಯೇ ನೋಡಿ ಕೊಳ್ಳಿ. ಮುಂದುವರಿದ ಹಂತದಲ್ಲಿರುವವರಿಗೆ, ನೆನಪು ಕುಂದಿದವರಿಗೆ ನಾನು ಹೇಳುವ ಮೊದಲ ಆಯ್ಕೆ ಇದೇ. ಮದುವೆ ಮನೆ, ಬ್ಯಾಂಕ್ ಕೌಂಟರ್‌ನಂಥ ಕಡೆ ತರಬೇತಿ ಪಡೆದವರಿಗೂ ನೆರವಾಗುತ್ತದೆ.

ಇನ್ನೊಂದು ಜಾಣ ಉಪಾಯ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಸಂತೆಯಲ್ಲಿ ನಿಂತಾಗ ನಮ್ಮ ದನಿ ನಮಗೆ ಅರಿವಿಲ್ಲದೆಯೇ ಏರುತ್ತದೆ. ಸುತ್ತ ಗದ್ದಲವಿದ್ದರೆ ಮೆದುಳು ತಾನಾಗಿ ದನಿ ಹೆಚ್ಚಿಸುತ್ತದೆ. ಸ್ಪೀಚ್‌ವೈವ್ ಎಂಬ ಸಾಧನ, ಧರಿಸಿದವರು ಮಾತಾಡಲು ಶುರುಮಾಡಿದೊಡನೆ ಅವರ ಕಿವಿಯಲ್ಲಿ ಗದ್ದಲದ ಸದ್ದು ಕೇಳಿಸುತ್ತದೆ. ನೆನಪಿಟ್ಟುಕೊಳ್ಳುವ ಶ್ರಮವಿಲ್ಲ ಎಂಬುದು ಇದರ ಹೆಚ್ಚುಗಾರಿಕೆ.

ಇಂಜೆಕ್ಷನ್, ಡಿಬಿಎಸ್

ಧ್ವನಿತಂತುಗಳ ನಡುವೆ ಸಂದು ಉಳಿಯುತ್ತಿದೆ ಎಂದು ಇಎನ್‌ಟಿ ವೈದ್ಯರು ಸ್ಟ್ರೋಬೋಸ್ಕೋಪಿಯಲ್ಲಿ (ತಂತುಗಳ ಕಂಪನ ನೋಡುವ ಪರೀಕ್ಷೆ) ಕಂಡರೆ, ಹಯಲುರಾನಿಕ್ ಆಸಿಡ್‌ನಂಥ ವಸ್ತುವನ್ನು ತಂತುವಿಗೆ ತುಂಬಿ ದಪ್ಪಗಾಗಿಸಬಹುದು. ಗಾಳಿ ಸೋರುವ ದನಿ ಕೆಲವು ತಿಂಗಳ ಮಟ್ಟಿಗೆ ಗಟ್ಟಿಯಾಗುತ್ತದೆ, ಆಮೇಲೆ ಆ ವಸ್ತು ಕರಗುತ್ತದೆ. ಸಂದು ಇದ್ದಾಗ ಮಾತ್ರ, ಅದೂ ತರಬೇತಿಯ ಜೊತೆಗೆ ಎಂಬ ಎರಡು ಷರತ್ತಿನ ಮೇಲೆ ಇದನ್ನು ಯೋಚಿಸಬಹುದು.

ಮೆದುಳಿಗೆ ತಂತಿ ಇಡುವ ಡಿಬಿಎಸ್ ಶಸ್ತ್ರಚಿಕಿತ್ಸೆಯನ್ನು ದನಿಗೋಸ್ಕರ ಮಾಡಿಸಿಕೊಳ್ಳಬೇಡಿ. ನಡುಕ, ಬಿಗಿತಕ್ಕೆ ಅದು ಬಹಳ ಒಳ್ಳೆಯದು. ಮಾತು ಕೆಲವರಲ್ಲಿ ಮೊದಲಿಗಿಂತ ಕೆಡುತ್ತದೆ. ಆಪರೇಷನ್‌ಗೆ ಮೊದಲೇ ಮಾತಿನ ರೆಕಾರ್ಡಿಂಗ್ ಮಾಡಿಟ್ಟುಕೊಳ್ಳಿ. ಆಮೇಲೆ ಕೆಟ್ಟರೆ ಸೆಟ್ಟಿಂಗ್ ಬದಲಿಸುವಾಗ ಹೋಲಿಸಲು ಬೇಕಾಗುತ್ತದೆ.

ಹೋಲಿಕೆಯನ್ನೆಲ್ಲ ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳೂ ಇವೆ. ಗಂಟಲು ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಅದು ಪಾರ್ಕಿನ್ಸನ್‌ನದ್ದೇ ಎಂದು ಕೂರಬೇಡಿ, ಗಂಟಲಿನೊಳಗೆ ನೋಡಿಸಿ. ಉಸಿರು ಒಳಗೆಳೆಯುವಾಗ, ಅದರಲ್ಲೂ ನಿದ್ದೆಯಲ್ಲಿ, ಕರ್ಕಶ ಸದ್ದು ಬರುತ್ತಿದ್ದರೆ ನ್ಯೂರಾಲಜಿಸ್ಟ್‌ಗೆ ತಡಮಾಡದೆ ತಿಳಿಸಿ. ಪಾರ್ಕಿನ್ಸನ್‌ನಂತೆ ಕಾಣುವ ಬೇರೆ ಕಾಯಿಲೆಯ ಸೂಚನೆ ಅದಾಗಿರಬಹುದು. ಮಾತು ಒಂದೇ ದಿನದಲ್ಲಿ ತೊದಲಿದರೆ ಪಾರ್ಶ್ವವಾಯು ಇರಬಹುದು, ನೇರ ಎಮರ್ಜೆನ್ಸಿಗೆ ಹೋಗಿ.

ಎಲ್ಲಿ, ಏನು ಕೇಳಬೇಕು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ದೊಡ್ಡದು. ಕನ್ನಡದಲ್ಲೇ ಚಿಕಿತ್ಸೆ ಸಿಗುತ್ತದೆ ಎಂಬುದು ನಮಗೆ ಸಿಕ್ಕ ಭಾಗ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗ, ವಾಕ್ ಚಿಕಿತ್ಸೆಯ ವಿಭಾಗ ಎರಡೂ ಒಂದೇ ಆವರಣದಲ್ಲಿವೆ. ಮಣಿಪಾಲ, ಮಂಗಳೂರಿನ ಕಾಲೇಜುಗಳಲ್ಲಿ ಸ್ಪೀಚ್ ಥೆರಪಿಯ ಕೋರ್ಸ್‌ಗಳಿರುವುದರಿಂದ ಅಲ್ಲೂ ಥೆರಪಿಸ್ಟ್‌ಗಳು ಸಿಗುತ್ತಾರೆ. ಖಾಸಗಿ ಕ್ಲಿನಿಕ್ಕಾದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಮಕ್ಕಳ ಮಾತಿನ ತೊಂದರೆಯನ್ನೇ ನೋಡುವ ಥೆರಪಿಸ್ಟ್‌ಗಳು ನಮ್ಮಲ್ಲಿ ಹೆಚ್ಚು. ಪಾರ್ಕಿನ್ಸನ್ ರೋಗಿಗಳನ್ನು ನೋಡಿದ್ದೀರಾ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ. ಫೀಸನ್ನು ಸಿಟ್ಟಿಂಗ್ ಲೆಕ್ಕದಲ್ಲಿ ಕೇಳಿ ಸಮಾಧಾನಪಡಬೇಡಿ, ಹದಿನಾರರಿಂದ ಗುಣಿಸಿ, ಆಟೋ ಖರ್ಚು ಸೇರಿಸಿ, ಆಮೇಲೆ ಒಪ್ಪಿಕೊಳ್ಳಿ. ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಎರಡು ತಿಂಗಳು ತಡೆದು ಪೂರ್ತಿ ಮಾಡುವುದು ಲೇಸು.

ಕಾಯಿಲೆ ಗೊತ್ತಾದ ಮೊದಲ ವರ್ಷಗಳಲ್ಲೇ ಶುರುಮಾಡಿದರೆ ಒಳ್ಳೆಯದು. ನಮ್ಮಲ್ಲಿ ಹೆಚ್ಚಿನವರು ಫೋನಿನಲ್ಲಿ ಮಾತು ಅರ್ಥವಾಗದ ಹಂತಕ್ಕೆ ಬಂದ ಮೇಲೆ ಹೋಗುತ್ತಾರೆ, ಆಗ ಕೆಲಸ ಇಮ್ಮಡಿ.

ಮನೆಯವರು ದಿನವಿಡೀ "ಜೋರಾಗಿ, ಜೋರಾಗಿ" ಎನ್ನುತ್ತಿದ್ದರೆ ಆ ಹಿರಿಯರು ಮಾತನ್ನೇ ನಿಲ್ಲಿಸಿಬಿಡುತ್ತಾರೆ. ಸೊಸೆ ಹೇಳಿದರಂತೂ ಮರ್ಯಾದೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಕಿವಿಯ ಹತ್ತಿರ ಕೈ ಒಯ್ಯುವಂಥ ಒಂದು ಸನ್ನೆಯನ್ನು ಅವರೇ ಆರಿಸಲಿ, ಅದನ್ನಷ್ಟೇ ಬಳಸಿ. ಮಾತಾಡುವಾಗ ಟಿವಿ ಆರಿಸಿ, ಎದುರಿಗೆ ಬಂದು ಕೂರಿ. ಹಾಂ, ಕೇಳಿಸಿಕೊಳ್ಳುವವರ ಕಿವಿಯನ್ನೂ ಒಮ್ಮೆ ಪರೀಕ್ಷಿಸಿ. ಆ ಗಂಡ ಹೇಳಿದ್ದರಲ್ಲೂ ಕೆಲವೊಮ್ಮೆ ಸತ್ಯವಿರುತ್ತದೆ.

ಮೊದಲ ಭೇಟಿಗೆ ಹೋಗುವಾಗ ಮೂರನ್ನು ಕೊಂಡೊಯ್ಯಿರಿ: ಮಾತ್ರೆಗಳ ಹೆಸರು ಮತ್ತು ಹೊತ್ತು ಬರೆದ ಚೀಟಿ, ಮನೆಯಲ್ಲಿ ಅವರು ಮಾಮೂಲಿಯಾಗಿ ಮಾತಾಡುವಾಗ ಮಾಡಿದ ಎರಡು ನಿಮಿಷದ ರೆಕಾರ್ಡಿಂಗ್, ಮತ್ತು ಅವರು ಗಟ್ಟಿಯಾಗಿ ಹೇಳಬೇಕೆಂದುಕೊಂಡ ಹತ್ತು ವಾಕ್ಯ. ರೆಕಾರ್ಡಿಂಗ್ ಮರೆಯಬೇಡಿ. ಥೆರಪಿಸ್ಟ್ ಎದುರು ಕೂತಾಗ ಬಹಳ ಜನರ ದನಿ ಅದು ಹೇಗೋ ಚೆನ್ನಾಗಿಬಿಡುತ್ತದೆ, ಮನೆಯವರು ಹೇಳಿದ್ದೇ ಸುಳ್ಳಾದಂತೆ ಕಾಣುತ್ತದೆ.